ಅಣ್ವಸ್ತ್ರ ಮತ್ತು ನಮ್ಮೂರಿನ ಸಭೆ



ನಿಮ್ಮ ಊರಿನ ಪಂಚಾಯತಿ ಅಥವಾ ನಗರಸಭೆ ಏನೇನು ಕೆಲಸ ಮಾಡುತ್ತದೆ ಎಂದು ಕೇಳಿದರೆ ನೀವು ಥಟ್ಟನೆ ಉತ್ತರ ಹೇಳುತ್ತೀರಿ. ನಳ್ಳಿಯಲ್ಲಿ ನೀರು ಬಿಡುವುದು, ಬೀದಿದೀಪ ಉರಿಸುವುದು, ಚರಂಡಿ ಶುಚಿ ಮಾಡಿಸುವುದು, ಕಸ ಎತ್ತಿಸುವುದು, ಮನೆ ತೆರಿಗೆ ವಸೂಲು ಮಾಡುವುದು, ಹುಟ್ಟುಸಾವುಗಳನ್ನು ದಾಖಲಿಸುವುದು. ಪಟ್ಟಿ ಇನ್ನೂ ಉದ್ದವಿದೆ. ಆದರೆ ಅಣ್ವಸ್ತ್ರಗಳ ಬಗ್ಗೆ ನಿಮ್ಮ ನಗರಸಭೆಯ ಅಭಿಪ್ರಾಯವೇನು ಎಂದು ಕೇಳಿದರೆ? ನೀವು ಬಹುಶಃ ನಕ್ಕುಬಿಡುತ್ತೀರಿ. ಎಲ್ಲಿಯ ಅಣುಬಾಂಬು, ಎಲ್ಲಿಯ ಪುರಸಭೆ! ಅದು ದೆಹಲಿ, ವಾಷಿಂಗ್ಟನ್, ಮಾಸ್ಕೋಗಳ ವಿಷಯವಲ್ಲವೇ?

ನಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಪ್ರಪಂಚದ ಸಾವಿರಾರು ಊರುಗಳು ಈ ಪ್ರಶ್ನೆಯನ್ನು ನಗೆಯಾಗಿ ಕಾಣಲಿಲ್ಲ. ಸಭೆ ಸೇರಿ ಚರ್ಚಿಸಿ ಠರಾವು ಮಾಡಿದವು. ಏಕೆ ಹಾಗೆ ಮಾಡಿದವು, ಅದರಿಂದ ಏನಾದರೂ ಆಯಿತೇ, ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಓದುತ್ತಿರುವ ನಿಮಗೂ ಇದಕ್ಕೂ ಏನು ಸಂಬಂಧ ಎಂಬುದನ್ನು ಇಲ್ಲಿ ನೋಡೋಣ.

ಮೇಲಿನಿಂದ ಕಂಡದ್ದು, ಕೆಳಗಿನಿಂದ ಕಂಡದ್ದು

ಅಣುಬಾಂಬು ಎಂದೊಡನೆ ದೂರದರ್ಶನದಲ್ಲಿ ನೀವು ನೋಡುವುದು ಒಂದೇ ಚಿತ್ರ. ನಾಯಿಕೊಡೆಯ ಆಕಾರದ ಬಿಳಿಯ ಮೋಡ. ಕಾರ್ಯಕ್ರಮ ತಯಾರಿಸುವ ನಾವು ಮತ್ತೆ ಮತ್ತೆ ಅದನ್ನೇ ತೋರಿಸುತ್ತೇವೆ. ಆ ಚಿತ್ರವನ್ನು ತೆಗೆದದ್ದು ವಿಮಾನದಿಂದ ಎಂಬುದನ್ನು ಗಮನಿಸಿ. ಬಾಂಬು ಹಾಕಿದವರ ಕಣ್ಣಿಗೆ ಕಂಡದ್ದು ಅದು. ನೆಲದ ಮೇಲಿದ್ದವರಿಗೆ ಕಂಡದ್ದೇ ಬೇರೆ. 1945ರ ಆಗಸ್ಟ್ 6ರಂದು ಹಿರೋಷಿಮಾದ ಬೀದಿಗಳಲ್ಲಿ ಯೋಶಿತೊ ಮಾತ್ಸುಶಿಗೆ ಎಂಬ ಪತ್ರಿಕಾ ಛಾಯಾಗ್ರಾಹಕ ಕ್ಯಾಮರಾ ಹಿಡಿದು ಇಡೀ ದಿನ ಅಲೆದರು. ಅವರ ಕೈಯಿಂದ ಆದದ್ದು ಐದೇ ಚಿತ್ರಗಳು. ಎದುರಿಗಿದ್ದವರನ್ನು ನೋಡಿ ಗುಂಡಿ ಒತ್ತಲು ಅವರಿಗೆ ಕೈ ಬರಲಿಲ್ಲ.

ಆ ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ ಸುಮಾರು 600 ಮೀಟರ್ ಎತ್ತರದಲ್ಲಿ ಬಾಂಬು ಸಿಡಿಯಿತು. ಅದರ ಶಕ್ತಿ ಸುಮಾರು 15 ಸಾವಿರ ಟನ್ ಟಿ.ಎನ್.ಟಿ. ಸ್ಫೋಟಕಕ್ಕೆ ಸಮ. ಅದರೊಳಗಿದ್ದ ಸುಮಾರು 64 ಕಿಲೋಗ್ರಾಂ ಯುರೇನಿಯಂನಲ್ಲಿ ನಿಜವಾಗಿ ವಿದಳನಗೊಂಡದ್ದು ಒಂದು ಕಿಲೋಗ್ರಾಮಿಗೂ ಕಡಿಮೆ. ವರ್ಷಾಂತ್ಯದ ಹೊತ್ತಿಗೆ ಸತ್ತವರು ಸುಮಾರು 1 ಲಕ್ಷ 40 ಸಾವಿರ. ಊರಿನ ಮೇಯರ್ ಸೆಂಕಿಚಿ ಅವಾಯಾ ಅದೇ ದಿನ ತೀರಿಕೊಂಡರು. ಊರಿನ ವೈದ್ಯರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. ನೀರು ಕೊಡಬೇಕಾದವರು, ಬೆಂಕಿ ಆರಿಸಬೇಕಾದವರು, ಔಷಧಿ ಹಚ್ಚಬೇಕಾದವರು, ಹೆಣ ಸುಡಬೇಕಾದವರು ಎಲ್ಲರೂ ಬಾಂಬಿಗೆ ಸಿಕ್ಕವರೇ.

ಈ ಕೆಲಸಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ. ನೀರು, ಬೆಂಕಿ, ಆರೋಗ್ಯ, ಸ್ಮಶಾನ. ಇವು ಯಾರ ಜವಾಬ್ದಾರಿ? ಊರಿನ ಆಡಳಿತದ್ದು. ಯುದ್ಧ ಸಾರುವುದು ರಾಷ್ಟ್ರಗಳಾದರೂ ಬಾಂಬು ಬೀಳುವುದು ಊರುಗಳ ಮೇಲೆ. ಸ್ಥಳೀಯ ಸಂಸ್ಥೆಗಳು ಈ ವಿಷಯದಲ್ಲಿ ಬಾಯಿ ತೆರೆದುದಕ್ಕೆ ಮೊದಲ ಕಾರಣ ಇದು.

ನಕ್ಷೆಯ ಮೇಲೆ ಒಂದು ಲೆಕ್ಕ

ನೀವು ವಿಜ್ಞಾನದ ವಿದ್ಯಾರ್ಥಿಗಳಾಗಿದ್ದರೆ ಕೈವಾರ ತೆಗೆದುಕೊಳ್ಳಿ. ಹಿರೋಷಿಮಾದಲ್ಲಿ ಸುಮಾರು 2 ಕಿಲೋಮೀಟರ್ ತ್ರಿಜ್ಯದೊಳಗೆ ಬಹುತೇಕ ಎಲ್ಲ ಕಟ್ಟಡಗಳೂ ಕುಸಿದವು ಇಲ್ಲವೇ ಸುಟ್ಟುಹೋದವು. ಉಡುಪಿಯ ರಥಬೀದಿಯನ್ನು ಕೇಂದ್ರವಾಗಿಟ್ಟು ಅಷ್ಟೇ ತ್ರಿಜ್ಯದ ವೃತ್ತ ಎಳೆಯಿರಿ. ಬಸ್ ನಿಲ್ದಾಣಗಳು, ಕಲ್ಸಂಕ, ಬನ್ನಂಜೆ, ಅಜ್ಜರಕಾಡಿನ ಸರಕಾರಿ ಆಸ್ಪತ್ರೆ ಎಲ್ಲವೂ ಅದರೊಳಗೆ ಬರುತ್ತವೆ. ಸುಮಾರು 5 ಕಿಲೋಮೀಟರ್ ದೂರದ ಮಣಿಪಾಲ ಹೊರಗೆ ಉಳಿಯುತ್ತದೆ. ಸದ್ಯ, ಕಸ್ತೂರಬಾ ಆಸ್ಪತ್ರೆ ಉಳಿಯಿತಲ್ಲ ಎಂದು ನೀವು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಯಾವ ಆಸ್ಪತ್ರೆಯಲ್ಲೇ ಆಗಲಿ, ಸುಟ್ಟಗಾಯದ ವಿಭಾಗದಲ್ಲಿ ಇರುವುದು ಹತ್ತಾರು ಹಾಸಿಗೆ. ಬರುವವರು ಹತ್ತಾರು ಸಾವಿರ.

ಇನ್ನೊಂದು ಹೆಜ್ಜೆ ಮುಂದಿಡೋಣ. ಸ್ಫೋಟದ ಒತ್ತಡ ಹರಡುವ ದೂರವು ಬಾಂಬಿನ ಶಕ್ತಿಯ ಘನಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಶಕ್ತಿ ಸಾವಿರ ಪಟ್ಟು ಹೆಚ್ಚಿದರೆ ದೂರ ಹತ್ತು ಪಟ್ಟು ಹೆಚ್ಚುತ್ತದೆ. ಹಿರೋಷಿಮಾದ ಸಾವಿರ ಪಟ್ಟು ಶಕ್ತಿಯ ಬಾಂಬು ಕೇವಲ ಊಹೆಯಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಶಾಂತಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಂಥದೊಂದನ್ನು ಸಿಡಿಸಿತು. 2 ಕಿಲೋಮೀಟರ್ ಈಗ 20 ಆಯಿತು. ಮಣಿಪಾಲ, ಮಲ್ಪೆ, 13 ಕಿಲೋಮೀಟರ್ ಆಚೆಯ ಕಾಪು ಎಲ್ಲವೂ ವೃತ್ತದೊಳಗೆ ಬಂದವು. ಕಾರ್ಕಳ ಹೊರಗಿದೆ. ಆದರೆ ಕಾರ್ಕಳದವರು ನಿಶ್ಚಿಂತರಾಗಿ ಇರಬಹುದೇ? ಗಾಳಿ ಸಮುದ್ರದ ಕಡೆಯಿಂದ ಘಟ್ಟದ ಕಡೆಗೆ ಬೀಸುತ್ತಿದ್ದರೆ ಇರಲಾಗದು. ಇದನ್ನು ಪ್ರಪಂಚಕ್ಕೆ ತಿಳಿಸಿದವರು ಮೀನುಗಾರರು.

ಯಾಯಿಜು ಬಂದರಿನ ಬೋಟು

ಬಿಕಿನಿಯ ಸ್ಫೋಟದ ದಿನ, ಅಲ್ಲಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ ಜಪಾನಿನ ಯಾಯಿಜು ಬಂದರಿನ ‘ಡೈಗೊ ಫುಕುರ್ಯು ಮಾರು’ ಎಂಬ ಬೋಟು ಮೀನು ಹಿಡಿಯುತ್ತಿತ್ತು. ಉಡುಪಿಯಿಂದ ಅಂಕೋಲೆಗೆ ನೇರ ಗೆರೆ ಎಳೆದರೆ ಸುಮಾರು ಅಷ್ಟು ದೂರ. ವಿಜ್ಞಾನಿಗಳು ಲೆಕ್ಕ ಹಾಕಿದ್ದು 6 ಮೆಗಾಟನ್. ಆದದ್ದು 15. ಪುಡಿಯಾದ ಹವಳ ಬಿಳಿಯ ಬೂದಿಯಾಗಿ ಗಂಟೆಗಟ್ಟಲೆ ಬೋಟಿನ ಮೇಲೆ ಸುರಿಯಿತು. ಅದರಲ್ಲಿ ವಿಕಿರಣ ತುಂಬಿದೆ ಎಂಬುದು 23 ಮಂದಿ ಮೀನುಗಾರರಿಗೆ ಗೊತ್ತಿರಲಿಲ್ಲ. ಊರಿಗೆ ಬಂದ ಮೇಲೆ ಕೂದಲು ಉದುರಿತು, ಚರ್ಮ ಕಪ್ಪಾಯಿತು. ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು.

ಕಾಪು, ಮಲ್ಪೆಗಳ ಮಕ್ಕಳಿಗೆ ಮುಂದಿನ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಇನ್ನೂ ನೂರಾರು ಬೋಟುಗಳು ತಂದ ಮೀನಿನಲ್ಲಿ ವಿಕಿರಣ ಪತ್ತೆಯಾಯಿತು. ಟನ್ನುಗಟ್ಟಲೆ ಟ್ಯೂನಾ ಮೀನನ್ನು ಹೂಳಬೇಕಾಯಿತು. ವಿಷವಿಲ್ಲದ ಮೀನನ್ನೂ ಕೊಳ್ಳುವವರಿಲ್ಲದೆ ಹೋಯಿತು. ದಕ್ಕೆಯಲ್ಲಿ ಮೀನು ಇಳಿದರೂ ಬುಟ್ಟಿ ಖಾಲಿಯಾಗದಿದ್ದರೆ ಮನೆಯ ಒಲೆ ಹೇಗೆ ಉರಿದೀತು?

ಮೊದಲು ಮಾತನಾಡಿದವರು ಊರಿನವರೇ. ಅದೇ ಮಾರ್ಚ್ ತಿಂಗಳಲ್ಲಿ ಯಾಯಿಜು ನಗರಸಭೆ ಅಣ್ವಸ್ತ್ರಗಳನ್ನು ನಿಷೇಧಿಸಬೇಕೆಂದು ಠರಾವು ಮಾಡಿತು. ಟೋಕಿಯೊದ ಸುಗಿನಾಮಿ ವಾರ್ಡಿನಲ್ಲಿ ವ್ಯಾಪಾರ ಕೆಟ್ಟ ಮೀನಿನಂಗಡಿಯವರೂ ಗೃಹಿಣಿಯರೂ ಒಟ್ಟು ಸೇರಿದರು. ಏಪ್ರಿಲ್ 17ರಂದು ವಾರ್ಡಿನ ಸಭೆ ಸರ್ವಾನುಮತದಿಂದ ಹೈಡ್ರೋಜನ್ ಬಾಂಬಿನ ವಿರುದ್ಧ ಠರಾವು ಸ್ವೀಕರಿಸಿತು. ಅಲ್ಲಿನ ಮಹಿಳೆಯರು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸತೊಡಗಿದರು. ಮರುವರ್ಷ ಆಗಸ್ಟಿನ ಹೊತ್ತಿಗೆ ದೇಶದಾದ್ಯಂತ ಸಹಿ ಹಾಕಿದವರ ಸಂಖ್ಯೆ 3 ಕೋಟಿ ದಾಟಿತ್ತು.

ಕರಾವಳಿಯ ದನಿ

ಆ ಬೂದಿಯ ಸುದ್ದಿ ನಮ್ಮ ದೇಶವನ್ನೂ ತಟ್ಟಿತು. 1954ರ ಏಪ್ರಿಲ್ 2ರಂದು ಪ್ರಧಾನಿ ನೆಹರೂ ಲೋಕಸಭೆಯಲ್ಲಿ, ಅಣುಪರೀಕ್ಷೆಗಳನ್ನು ಎಲ್ಲರೂ ನಿಲ್ಲಿಸುವ ಒಪ್ಪಂದವಾಗಲಿ ಎಂಬ ಸಲಹೆ ಮುಂದಿಟ್ಟರು. ಅಂಥ ಸಲಹೆ ಕೊಟ್ಟ ಮೊದಲ ರಾಷ್ಟ್ರನಾಯಕರಲ್ಲಿ ಅವರೊಬ್ಬರು.

ಮುಂದೆ 1962ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನ ಒಂದು ನಿಯೋಗವನ್ನು ಅಮೆರಿಕಕ್ಕೆ ಕಳಿಸಿತು. ನಾಯಕತ್ವ ವಹಿಸಿದವರು 83 ವಯಸ್ಸಿನ ರಾಜಾಜಿ. ಜೊತೆಗೆ ಹೋದವರು ಇಬ್ಬರು, ಇಬ್ಬರೂ ನಮ್ಮ ನಾಡಿನವರು. ಒಬ್ಬರು ಧಾರವಾಡದ ಆರ್.ಆರ್. ದಿವಾಕರ್. ಇನ್ನೊಬ್ಬರು ಮಂಗಳೂರಿನ ಬೆನಗಲ್ ಶಿವರಾವ್. ಆಗ ಉಡುಪಿ, ಕಾರ್ಕಳಗಳೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಉಡುಪಿ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಹೀಗಾಗಿ ಶಿವರಾವ್ ನಿಮ್ಮ ಜಿಲ್ಲೆಯವರೇ ಎನ್ನಬಹುದು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಇವರ ಅಣ್ಣ.

ಸೆಪ್ಟೆಂಬರ್ ತಿಂಗಳಲ್ಲಿ ಈ ಮೂವರು ಅಧ್ಯಕ್ಷ ಕೆನಡಿಯನ್ನು ಕಂಡು ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಕೇಳಿಕೊಂಡರು. ಅವರ ಹಿಂದೆ ಸೈನ್ಯವಿರಲಿಲ್ಲ, ಸರಕಾರದ ಅಧಿಕಾರವೂ ಇರಲಿಲ್ಲ. ನಿಗದಿಯಾಗಿದ್ದ ಸಮಯ ಮೀರಿ ಮಾತುಕತೆ ನಡೆಯಿತು. ಮರುವರ್ಷ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ನುಗಳು ವಾತಾವರಣದಲ್ಲಿ, ಆಕಾಶದಲ್ಲಿ, ನೀರಿನೊಳಗೆ ಪರೀಕ್ಷೆ ಮಾಡುವುದಿಲ್ಲವೆಂದು ಸಹಿ ಹಾಕಿದವು. ಒಂದು ಭೇಟಿಯಿಂದಲೇ ಇದು ಆಯಿತೆಂದು ಹೇಳಲಾಗದು. ಸುಗಿನಾಮಿಯ ಮಹಿಳೆಯರು, ಹಾಲಿನಲ್ಲೂ ಮಕ್ಕಳ ಹಲ್ಲಿನಲ್ಲೂ ಸ್ಟ್ರಾನ್ಷಿಯಂ-90 ಇರುವುದನ್ನು ತೋರಿಸಿದ ವಿಜ್ಞಾನಿಗಳು, ಕ್ಯೂಬಾದ ಬಿಕ್ಕಟ್ಟಿನಿಂದ ಬೆದರಿದ ನಾಯಕರು ಎಲ್ಲರೂ ಸೇರಿ ತಂದ ಫಲ ಅದು.

ಊರುಗಳ ಠರಾವು

ಜಪಾನಿನ ಕೋಬೆ ದೊಡ್ಡ ಬಂದರು. ಅಲ್ಲಿ ಬಂದರಿನ ಆಡಳಿತ ನಗರಸಭೆಯ ಕೈಯಲ್ಲಿದೆ. 1975ರ ಮಾರ್ಚ್ 18ರಂದು ಅದು ಒಂದು ಠರಾವು ಮಾಡಿತು. ಬಂದರಿಗೆ ಬರುವ ವಿದೇಶಿ ಯುದ್ಧನೌಕೆ ತನ್ನಲ್ಲಿ ಅಣ್ವಸ್ತ್ರ ಇಲ್ಲವೆಂದು ಬರೆದುಕೊಡಬೇಕು. ತನ್ನ ಹಡಗಿನಲ್ಲಿ ಇದೆ ಎಂದೂ ಇಲ್ಲ ಎಂದೂ ಹೇಳದಿರುವುದು ಅಮೆರಿಕದ ನೀತಿಯಾಗಿತ್ತು. ಹೀಗಾಗಿ ದಶಕಗಳ ಕಾಲ ಅದರ ಯುದ್ಧನೌಕೆಗಳು ಕೋಬೆಗೆ ಬರಲಿಲ್ಲ. ನವಮಂಗಳೂರು ಬಂದರು ಕೇಂದ್ರ ಸರಕಾರಕ್ಕೆ ಸೇರಿದ್ದು, ಅಲ್ಲಿ ಇಂಥ ಅಧಿಕಾರ ಊರಿನ ಪಾಲಿಕೆಗೆ ಇಲ್ಲ. ಯಾರ ಕೈಯಲ್ಲಿ ಯಾವ ಅಧಿಕಾರವಿದೆ ಎಂಬುದನ್ನು ಅರಿತೇ ಈ ಚರಿತ್ರೆಯನ್ನು ಓದಬೇಕು.

1980ರ ನವೆಂಬರ್ 5ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ತನ್ನನ್ನು ಅಣ್ವಸ್ತ್ರಮುಕ್ತ ನಗರವೆಂದು ಘೋಷಿಸಿಕೊಂಡಿತು. ಒಂದೊಂದಾಗಿ ಬೇರೆ ಊರುಗಳು ಅದನ್ನು ಅನುಸರಿಸಿದವು. 1982ರಲ್ಲಿ ಅಲ್ಲಿನ ಸರಕಾರ ಅಣುಯುದ್ಧವಾದರೆ ಏನು ಮಾಡಬೇಕೆಂಬ ಒಂದು ದೊಡ್ಡ ತಾಲೀಮು ಏರ್ಪಡಿಸಿತು. ಹಲವು ಸ್ಥಳೀಯ ಸಂಸ್ಥೆಗಳು ಭಾಗವಹಿಸಲು ಒಪ್ಪಲಿಲ್ಲ. ರಕ್ಷಣೆ ಸಾಧ್ಯವೇ ಇಲ್ಲದಾಗ ರಕ್ಷಣೆಯ ನಾಟಕ ಬೇಡ ಎಂಬುದು ಅವುಗಳ ವಾದ. ತಾಲೀಮು ರದ್ದಾಯಿತು.

ನ್ಯೂಜಿಲೆಂಡಿನಲ್ಲಿ ಇನ್ನೂ ದೊಡ್ಡ ಪರಿಣಾಮವಾಯಿತು. ಅಲ್ಲಿ 1981ರಿಂದ ಒಂದೊಂದೇ ಪುರಸಭೆ ಘೋಷಣೆ ಮಾಡುತ್ತ ಹೋಯಿತು. 1984ರ ಹೊತ್ತಿಗೆ ದೇಶದ ಅರ್ಧಕ್ಕೂ ಹೆಚ್ಚು ಜನ ಅಣ್ವಸ್ತ್ರಮುಕ್ತವೆಂದು ಸಾರಿಕೊಂಡ ಊರುಗಳಲ್ಲಿ ವಾಸವಾಗಿದ್ದರು. ಆ ವರ್ಷ ಬಂದ ಹೊಸ ಸರಕಾರಕ್ಕೆ ಜನರ ಮನಸ್ಸು ಏನೆಂದು ಊಹಿಸಬೇಕಾಗಿರಲಿಲ್ಲ. 1987ರಲ್ಲಿ ಇಡೀ ದೇಶವನ್ನು ಅಣ್ವಸ್ತ್ರಮುಕ್ತ ವಲಯವಾಗಿಸುವ ಕಾನೂನು ಬಂತು.

ಇತ್ತ ಹಿರೋಷಿಮಾದಲ್ಲಿ ಬಾಂಬು ಬಿದ್ದಾಗ ಪಡಿತರ ವಿಭಾಗದ ಅಧಿಕಾರಿಯಾಗಿ ಬದುಕುಳಿದವರಿಗೆ ಅನ್ನ ಹಂಚಿದ ಶಿನ್ಜೊ ಹಮಾಯಿ 1947ರಲ್ಲಿ ಮೇಯರ್ ಆದರು. ಆ ಆಗಸ್ಟ್ 6ರಂದು ಅವರು ಓದಿದ ಶಾಂತಿ ಘೋಷಣೆಯ ಸಂಪ್ರದಾಯ ಇಂದಿಗೂ ನಡೆದುಬಂದಿದೆ. 1982ರಲ್ಲಿ ಮೇಯರ್ ತಾಕೇಶಿ ಅರಾಕಿ ವಿಶ್ವಸಂಸ್ಥೆಯಲ್ಲಿ ಮಾತನಾಡಿ, ಪ್ರಪಂಚದ ಮೇಯರ್‌ಗಳು ಕೈಜೋಡಿಸಬೇಕೆಂದು ಕರೆಕೊಟ್ಟರು. ಹಾಗೆ ಹುಟ್ಟಿದ ‘ಶಾಂತಿಗಾಗಿ ಮೇಯರ್‌ಗಳು’ ಸಂಘಟನೆಯಲ್ಲಿ ಈಗ 160ಕ್ಕೂ ಹೆಚ್ಚು ದೇಶಗಳ 8 ಸಾವಿರಕ್ಕೂ ಹೆಚ್ಚು ಊರುಗಳಿವೆ. 1995ರ ನವೆಂಬರಿನಲ್ಲಿ ಹಿರೋಷಿಮಾ, ನಾಗಸಾಕಿಗಳ ಮೇಯರ್‌ಗಳು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ಮುಂದೆ ನಿಂತು ತಮ್ಮ ಊರಿಗೆ ಆದದ್ದನ್ನು ಹೇಳಿದರು. ಅಣ್ವಸ್ತ್ರ ಬಳಕೆ ನ್ಯಾಯವಿರುದ್ಧ ಎಂದು ಭಾರತವೂ ಆ ನ್ಯಾಯಾಲಯಕ್ಕೆ ಲಿಖಿತವಾಗಿ ತಿಳಿಸಿತ್ತು. 1996ರ ಜುಲೈ 8ರಂದು ನ್ಯಾಯಾಲಯ, ಅಣ್ವಸ್ತ್ರದ ಬಳಕೆ ಸಾಮಾನ್ಯವಾಗಿ ಮಾನವೀಯ ಕಾನೂನಿಗೆ ವಿರುದ್ಧ ಎಂದಿತು. ಆದರೆ ದೇಶದ ಉಳಿವೇ ಪ್ರಶ್ನೆಯಾದಾಗ ಏನು ಎಂಬುದನ್ನು ತೀರ್ಮಾನಿಸದೆ ಬಿಟ್ಟಿತು.

ನಮ್ಮ ಸಂವಿಧಾನ ಏನು ಹೇಳುತ್ತದೆ

ಈಗ ನಮ್ಮ ಮನೆಗೆ ಬರೋಣ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ದೇಶರಕ್ಷಣೆ, ಅಣುಶಕ್ತಿ, ವಿದೇಶಾಂಗ, ಯುದ್ಧ ಮತ್ತು ಶಾಂತಿ ಎಲ್ಲವೂ ಕೇಂದ್ರದ ಪಟ್ಟಿಯಲ್ಲಿವೆ. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳು ಪಂಚಾಯತಿಗಳಿಗೆ 29, ಪೌರಸಂಸ್ಥೆಗಳಿಗೆ 18 ವಿಷಯಗಳನ್ನು ಗುರುತಿಸಿವೆ. ಅಣ್ವಸ್ತ್ರ ಆ ಪಟ್ಟಿಗಳಲ್ಲಿ ಇಲ್ಲ. ಹಾಗಾಗಿ ಒಂದು ನಗರಸಭೆಯ ಠರಾವಿನಿಂದ ಒಂದು ಕ್ಷಿಪಣಿಯೂ ಕದಲದು. ಇದು ನಿಜ.

ಆದರೆ ಸಂವಿಧಾನದ ನಾಲ್ಕನೆಯ ಭಾಗವನ್ನೂ ತೆರೆದು ನೋಡಿ. 40ನೆಯ ವಿಧಿ ಗ್ರಾಮ ಪಂಚಾಯತಿಗಳನ್ನು ಸಂಘಟಿಸಲು ಹೇಳುತ್ತದೆ. ಅದೇ ಭಾಗದ 51ನೆಯ ವಿಧಿ ಅಂತಾರಾಷ್ಟ್ರೀಯ ಶಾಂತಿಗಾಗಿ ಪ್ರಯತ್ನಿಸಲು ಹೇಳುತ್ತದೆ. ಊರಿನ ಸಭೆಯೂ ಲೋಕದ ಶಾಂತಿಯೂ ಒಂದೇ ಅಧ್ಯಾಯದಲ್ಲಿವೆ. ಆಜ್ಞೆ ಮಾಡುವ ಅಧಿಕಾರ ಬೇರೆ, ಅಭಿಪ್ರಾಯ ಹೇಳುವ ಹಕ್ಕು ಬೇರೆ.

ಊರಿನ ಸಭೆ ದೇಶಕ್ಕಿಂತ ಮುಂದೆ ನಡೆದ ಉದಾಹರಣೆ ಉಡುಪಿಯಲ್ಲೇ ಇದೆ. 1968ರಲ್ಲಿ ವೃತ್ತಿಯಿಂದ ವೈದ್ಯರಾದ ಡಾ. ವಿ.ಎಸ್. ಆಚಾರ್ಯ ಉಡುಪಿ ಪುರಸಭೆಯ ಅಧ್ಯಕ್ಷರಾದರು. ಅವರ ಕಾಲದಲ್ಲಿ ಉಡುಪಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. ಇದನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಮಾಡಿದ್ದು 1993ರಲ್ಲಿ. ಅದು ಪುರಸಭೆಯ ಅಧಿಕಾರದೊಳಗಿನ ವಿಷಯ, ಅಣ್ವಸ್ತ್ರ ಹಾಗಲ್ಲ ಎಂಬುದನ್ನು ಮರೆಯಬಾರದು. ಆದರೂ ಮನುಷ್ಯನ ಘನತೆಯ ಪ್ರಶ್ನೆಯಲ್ಲಿ ದೆಹಲಿಯ ಅಪ್ಪಣೆಗೆ ಕಾಯಬೇಕಾಗಿಲ್ಲ ಎಂಬ ಪಾಠ ಅಲ್ಲಿದೆ.

ಅಣ್ವಸ್ತ್ರವನ್ನೂ ಅಣುವಿದ್ಯುತ್ತನ್ನೂ ಒಂದೇ ಎಂದು ತಿಳಿಯಬೇಡಿ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಅವರ ವಾದವನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಕೈಗಾದ ಚರ್ಚೆ ವಿದ್ಯುತ್ತಿನದು, ಕಾಡಿನದು, ಸುರಕ್ಷತೆಯದು. ಆದರೆ ಅಣುವಿನ ವಿಷಯ ಪರಿಣತರಿಗೆ ಮಾತ್ರ ಬಿಟ್ಟದ್ದಲ್ಲ, ಅದು ಊರವರ ವಿಷಯವೂ ಹೌದು ಎಂಬುದನ್ನು ಅವರು ತೋರಿಸಿಕೊಟ್ಟರು.

ಎದುರು ವಾದ

ನಿಮ್ಮಲ್ಲಿ ಕೆಲವರು ಈಗಾಗಲೇ ತಲೆಯಾಡಿಸುತ್ತಿರಬಹುದು. ನೆರೆಯ ಚೀನಾ, ಪಾಕಿಸ್ತಾನಗಳ ಬಳಿ ಅಣ್ವಸ್ತ್ರವಿರುವಾಗ ನಾವು ಮಾತ್ರ ಬರಿಗೈಯಲ್ಲಿ ಇರುವುದು ಹೇಗೆ? ಇದು ಗಂಭೀರವಾದ ಪ್ರಶ್ನೆ. 1974ರ ಪೋಖ್ರಾನ್ ಪರೀಕ್ಷೆಯ ಮುಂದಾಳುಗಳಲ್ಲಿ ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ ಪ್ರಮುಖರು. 1988ರಲ್ಲಿ ರಾಜೀವ್ ಗಾಂಧಿ ವಿಶ್ವಸಂಸ್ಥೆಯಲ್ಲಿ, 2010ರೊಳಗೆ ಎಲ್ಲ ದೇಶಗಳೂ ಅಣ್ವಸ್ತ್ರ ತ್ಯಜಿಸುವ ಯೋಜನೆ ಮಂಡಿಸಿದರು. ದೊಡ್ಡ ರಾಷ್ಟ್ರಗಳು ಕಿವಿಗೊಡಲಿಲ್ಲ. ಹತ್ತು ವರ್ಷಗಳ ಬಳಿಕ, 1998ರ ಮೇ ತಿಂಗಳಲ್ಲಿ ಭಾರತವೂ ಪಾಕಿಸ್ತಾನವೂ ಪರೀಕ್ಷೆ ನಡೆಸಿದವು. ತಾನು ಮೊದಲು ಬಳಸುವುದಿಲ್ಲ ಎಂಬುದು ಭಾರತ 2003ರಲ್ಲಿ ಪ್ರಕಟಿಸಿದ ನೀತಿ. 2017ರಲ್ಲಿ 122 ದೇಶಗಳ ಬೆಂಬಲದಿಂದ ವಿಶ್ವಸಂಸ್ಥೆಯಲ್ಲಿ ಅಂಗೀಕಾರವಾಗಿ 2021ರ ಜನವರಿ 22ರಂದು ಜಾರಿಗೆ ಬಂದ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಣ್ವಸ್ತ್ರವುಳ್ಳ ಬೇರೆ ಯಾವ ದೇಶವೂ ಸೇರಿಲ್ಲ.

ಹಾಗಾದರೆ ಊರಿನ ಠರಾವು ದೇಶಕ್ಕೆ ವಿರುದ್ಧವೇ? ಎಲ್ಲ ದೇಶಗಳೂ ಒಟ್ಟಿಗೆ ತ್ಯಜಿಸಲಿ ಎಂದು ಕೇಳುವುದು ನೆಹರೂ ಕಾಲದಿಂದ ಭಾರತವೇ ಆಡುತ್ತ ಬಂದ ಮಾತು. 1986ರಲ್ಲಿ ಪ್ರಪಂಚದಲ್ಲಿ ಸುಮಾರು 70 ಸಾವಿರ ಅಣ್ವಸ್ತ್ರಗಳಿದ್ದವು. ಈಗ ಇರುವುದು ಸುಮಾರು 12 ಸಾವಿರ. ಕಡಿಮೆಯಾಗಲು ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ. ಉಳಿದವು ಸಾಲದೇ ಎಂದು ಕೇಳುವವರಿಗೆ ಮೇಲಿನ ಕೈವಾರದ ಲೆಕ್ಕವೇ ಉತ್ತರ.

ಕಾರ್ಕಳದ ಬೆಟ್ಟದ ಮೇಲೆ

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಬಾಹುಬಲಿ ಇದ್ದಾನೆ. ಅವನ ಕಥೆ ನಿಮಗೆ ಗೊತ್ತು. ಭರತ, ಬಾಹುಬಲಿಯರ ಸೈನ್ಯಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ನಡುವೆ ಬಂದರು. ಜಗಳ ನಿಮ್ಮಿಬ್ಬರದು, ಸಾಯುವವರು ಮಾತ್ರ ಲಕ್ಷಾಂತರ ಜನ, ಇದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. ಹಾಗಾಗಿ ಸೈನ್ಯಗಳು ಹಿಂದೆ ಸರಿದವು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾತ್ರ ನಡೆದವು. ಸೋತ ಭರತ ಸಿಟ್ಟಿನಲ್ಲಿ ಚಕ್ರರತ್ನವನ್ನು ಬಿಟ್ಟ. ಅದು ತಮ್ಮನಿಗೆ ಪ್ರದಕ್ಷಿಣೆ ಹಾಕಿ ನಿಂತಿತು. ನಮ್ಮ ಕಾಲದ ಚಕ್ರಕ್ಕೆ ಆ ವಿವೇಕ ಇಲ್ಲ, ಬಿಟ್ಟರೆ ಅದು ನಿಲ್ಲದು. ಆದ್ದರಿಂದ ನಮ್ಮ ಭರವಸೆ ಇರಬೇಕಾದದ್ದು ಚಕ್ರದ ಮೇಲಲ್ಲ, ನಡುವೆ ಬಂದು ಪ್ರಶ್ನೆ ಕೇಳಿದ ಮಂತ್ರಿಗಳಂಥವರ ಮೇಲೆ. ಅಧಿಕಾರ ಅವರದಾಗಿರಲಿಲ್ಲ. ಮಾತು ಅವರದಾಗಿತ್ತು.

ಮಿತ್ರರೇ, ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಹದಿನೆಂಟು ತುಂಬಿದರೆ ನೀವೂ ಸದಸ್ಯರಾಗುತ್ತೀರಿ. ಅದಕ್ಕೆ ಮೊದಲು ಶಾಲೆಯಲ್ಲೋ ಕಾಲೇಜಿನಲ್ಲೋ ಒಂದು ಅಣಕು ನಗರಸಭೆ ನಡೆಸಿ ನೋಡಿ. ಒಬ್ಬರು ಠರಾವು ಮಂಡಿಸಲಿ, ಒಬ್ಬರು ಅನುಮೋದಿಸಲಿ, ಇನ್ನೊಬ್ಬರು ಬಲವಾಗಿ ವಿರೋಧಿಸಲಿ. ಎರಡೂ ಕಡೆಯವರು ಅಂಕಿ ಅಂಶಗಳೊಂದಿಗೆ ಬರಲಿ. ಕೊನೆಗೆ ಮತ ಹಾಕಿ. ಫಲಿತಾಂಶ ಏನೇ ಇರಲಿ, ಒಂದು ಪ್ರಶ್ನೆಗೆ ಮಾತ್ರ ಸಭೆ ಉತ್ತರ ಹೇಳಲೇಬೇಕು. ಆ ಬೆಳಗ್ಗೆ ಊರಿಗೆ ನೀರು ಬಿಡುವವರು ಯಾರು?